ತಾಯಿ-ತಂದೆಯರೊಡನೆ ಉತ್ತರದ ದ್ವೀಪಗಳಿಗೆ ಚಿಕ್ಕ ಹಡಗಿನ ಯಾನ: ವೆಚ್ಚ, ಕರಾರು ಹಾಗೂ ತೆರಿಗೆಯ ವಿಚಾರಗಳು

ನಮ್ಮ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳಿಗೆ ವಿದೇಶ ಪ್ರವಾಸವೆಂದರೆ ಬಹುಕಾಲ ವಸ್ತುಪ್ರದರ್ಶನ, ಯಂತ್ರೋಪಕರಣಗಳ ಖರೀದಿ ಅಥವಾ ವಿದೇಶದಲ್ಲಿ ನೆಲೆಸಿದ ಮಕ್ಕಳ ಮನೆ, ಈ ಮೂರಕ್ಕೇ ಸೀಮಿತವಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ವಯಸ್ಸಾದ ತಾಯಿ ಅಥವಾ ತಂದೆಯವರನ್ನು ಹಡಗಿನ ಪ್ರವಾಸಕ್ಕೆ ಕರೆದೊಯ್ಯಬೇಕೆಂಬ ಅಪೇಕ್ಷೆಯನ್ನೂ ಹಲವರು ವ್ಯಕ್ತಪಡಿಸುತ್ತಿದ್ದಾರೆ. ಸಾವಿರಾರು ಪ್ರಯಾಣಿಕರನ್ನು ಹೊತ್ತೊಯ್ಯುವ ಭಾರಿ ಹಡಗುಗಳ ಗದ್ದಲ ಬೇಡವೆನ್ನುವವರು ವಿಚಾರಿಸುವುದು ಐವತ್ತು-ನೂರು ಜನರ ಚಿಕ್ಕ ಹಡಗುಗಳನ್ನು. ಅಂತಹ ಹಡಗುಗಳು ಸಂಚರಿಸುವ ಹೆಸರಾಂತ ಪ್ರದೇಶಗಳಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಹಾಗೂ ಉತ್ತರದ ದ್ವೀಪಗಳು, ಅಂದರೆ ಹೆಬ್ರಿಡೀಸ್, ಆರ್ಕ್ನಿ ಮತ್ತು ಶೆಟ್ಲೆಂಡ್, ಮುಖ್ಯವಾದವು.

ಈ ಪ್ರವಾಸದ ದರಪಟ್ಟಿಯನ್ನು ನೋಡಿದ ಯಾವ ವ್ಯಾಪಾರಿಯೂ ಮೊದಲು ಹುಬ್ಬೇರಿಸುತ್ತಾನೆ. ಆದುದರಿಂದ ಈ ಹಣ ಯಾವುದಕ್ಕೆ ಸಲ್ಲುತ್ತದೆ, ಯಾವ ಸಂದರ್ಭದಲ್ಲಿ ಅದು ವ್ಯರ್ಥವಾಗುತ್ತದೆ ಮತ್ತು ಅದನ್ನು ಯಾವ ಖಾತೆಯಿಂದ ತೆರಬೇಕು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ದರ ಹೆಚ್ಚಿರುವುದೇಕೆ?

ಉದಾಹರಣೆಗೆ ‘ಹೆಬ್ರಿಡಿಯನ್ ಪ್ರಿನ್ಸೆಸ್’ ಎಂಬ ಹಡಗನ್ನು ತೆಗೆದುಕೊಳ್ಳೋಣ. ಇದರ ಇತಿಹಾಸವೇ ಕೈಗಾರಿಕೋದ್ಯಮಿಗಳಿಗೆ ಒಂದು ಪಾಠದಂತಿದೆ. 1964ರಲ್ಲಿ ಅಬರ್ಡೀನ್ ನಗರದ ಹಾಲ್ ರಸೆಲ್ ಹಡಗುಕಟ್ಟೆಯಲ್ಲಿ ‘ಕೊಲಂಬಾ’ ಎಂಬ ಹೆಸರಿನಿಂದ ನಿರ್ಮಾಣವಾದ ಈ ಹಡಗು ಮೂಲತಃ ಕಾರುಗಳನ್ನೂ ಜನರನ್ನೂ ದ್ವೀಪಗಳಿಗೆ ಸಾಗಿಸುತ್ತಿದ್ದ ಸಾಮಾನ್ಯ ಫೆರ್ರಿ. ವಾಹನಗಳನ್ನು ಎತ್ತುಯಂತ್ರದ ಮೂಲಕ ಒಳಗಿಳಿಸುವ ಪದ್ಧತಿ ಅದರಲ್ಲಿತ್ತು. ವಾಹನಗಳು ನೇರವಾಗಿ ಒಳಕ್ಕೆ ಓಡಿಬರುವ ಹೊಸ ಮಾದರಿಯ ಹಡಗುಗಳು ಬಂದ ಮೇಲೆ ಇದು ಹಳತಾಯಿತು. 1988ರಲ್ಲಿ ಮಾರಾಟವಾಗಿ, ಮಾರ್ಪಾಡುಗೊಂಡು, 1989ರಲ್ಲಿ ವಿಲಾಸಿ ಪ್ರವಾಸಿ ಹಡಗಾಗಿ ಸೇವೆಗಿಳಿಯಿತು. 2006ರಲ್ಲಿ ರಾಣಿ ಎರಡನೆಯ ಎಲಿಜಬೆತ್ ತಮ್ಮ 80ನೆಯ ಹುಟ್ಟುಹಬ್ಬದ ವರ್ಷದಲ್ಲಿ ಕುಟುಂಬ ಸಮೇತರಾಗಿ ಇದೇ ಹಡಗನ್ನು ಬಾಡಿಗೆಗೆ ಪಡೆದು ಹೆಬ್ರಿಡೀಸ್ ದ್ವೀಪಗಳನ್ನು ಸುತ್ತಿದ್ದರು. ಲೆಕ್ಕಪುಸ್ತಕದಲ್ಲಿ ಮೌಲ್ಯ ಕಳೆದುಕೊಂಡ ಸ್ವತ್ತಿಗೆ ಬೇರೊಂದು ಮಾರುಕಟ್ಟೆಯಲ್ಲಿ ಹೊಸ ಬೆಲೆ ದೊರೆತುದಕ್ಕೆ ಇದು ಒಳ್ಳೆಯ ನಿದರ್ಶನ.

ಸುಮಾರು 50 ಪ್ರಯಾಣಿಕರ ಈ ಹಡಗಿನಲ್ಲಿ ಸಿಬ್ಬಂದಿಯ ಸಂಖ್ಯೆ 38. ಇದಕ್ಕೆ ಪ್ರತಿಯಾಗಿ, 2024ರಲ್ಲಿ ಸೇವೆಗೆ ಬಂದ ‘ಐಕಾನ್ ಆಫ್ ದಿ ಸೀಸ್’ ಎಂಬ ಬೃಹತ್ ಹಡಗಿನಲ್ಲಿ ಕೊಠಡಿಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಪ್ರಯಾಣಿಕರು, 2,350 ಸಿಬ್ಬಂದಿ. ಅಂದರೆ ದೊಡ್ಡ ಹಡಗಿನಲ್ಲಿ ಒಬ್ಬ ಸಿಬ್ಬಂದಿಯ ವೇತನ ಎರಡಕ್ಕಿಂತ ಹೆಚ್ಚು ಪ್ರಯಾಣಿಕರ ಮೇಲೆ ಹಂಚಿಹೋಗುತ್ತದೆ. ಚಿಕ್ಕ ಹಡಗಿನಲ್ಲಿ ಅದೇ ವೆಚ್ಚ ಹೆಚ್ಚುಕಡಿಮೆ ಒಬ್ಬರ ಮೇಲೆಯೇ ಬೀಳುತ್ತದೆ. ಕಪ್ತಾನ, ಇಂಜಿನಿಯರು, ಬಂದರು ಶುಲ್ಕ, ವಿಮೆ, ವಾರ್ಷಿಕ ದುರಸ್ತಿ ಮೊದಲಾದ ಸ್ಥಿರ ವೆಚ್ಚಗಳನ್ನೂ ಐವತ್ತು ಜನರೇ ಹೊರಬೇಕು. ಚಳಿಗಾಲದ ಬಿರುಗಾಳಿಯಿಂದಾಗಿ ವರ್ಷದ ಕೆಲವು ತಿಂಗಳು ಈ ಸಮುದ್ರದಲ್ಲಿ ವ್ಯಾಪಾರವೇ ಇಲ್ಲ. ಹನ್ನೆರಡು ತಿಂಗಳ ವೆಚ್ಚವನ್ನು ಎಂಟೊಂಬತ್ತು ತಿಂಗಳಲ್ಲಿ ದುಡಿಯಬೇಕಾದ ಉದ್ಯಮವಿದು. ಋತುಮಾನದ ಸರಕನ್ನು ವ್ಯವಹರಿಸುವ ನಮ್ಮ ವರ್ತಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ದರಗಳನ್ನು ಹೋಲಿಸುವಾಗ ಒಂದು ಎಚ್ಚರಿಕೆ ಅಗತ್ಯ. ದೊಡ್ಡ ಹಡಗಿನ ಜಾಹೀರಾತಿನ ದರದಲ್ಲಿ ದಡದ ವಿಹಾರ, ಪಾನೀಯ, ಭಕ್ಷೀಸು ಇತ್ಯಾದಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಚಿಕ್ಕ ವಿಲಾಸಿ ಹಡಗುಗಳಲ್ಲಿ ಅವು ಬಹುತೇಕ ಸೇರಿರುತ್ತವೆ. ಹೀಗಾಗಿ ಎಲ್ಲ ವೆಚ್ಚಗಳನ್ನೂ ಕೂಡಿಸಿ, ತಲಾ ಒಂದು ದಿನಕ್ಕೆ ಎಷ್ಟಾಯಿತು ಎಂದು ಲೆಕ್ಕ ಹಾಕಿದ ಮೇಲೆಯೇ ಹೋಲಿಕೆಗೆ ಅರ್ಥವಿದೆ. ಮದ್ಯಪಾನ ಮಾಡದ ಕುಟುಂಬಕ್ಕೆ ಪಾನೀಯ ಸೇರಿದ ದರದಿಂದ ವಿಶೇಷ ಪ್ರಯೋಜನವಿಲ್ಲವೆಂಬುದನ್ನೂ ಗಮನಿಸಬೇಕು.

ಹಣ ಸಲ್ಲುವುದು ದ್ವೀಪಗಳಿಗೆ

ಈ ಪ್ರವಾಸದಲ್ಲಿ ನಾವು ಕೊಳ್ಳುವ ನಿಜವಾದ ಸರಕು ಹಡಗಿನ ಕೊಠಡಿಯಲ್ಲ. ದೊಡ್ಡ ಹಡಗು ಸಮೀಪಿಸಲಾಗದ ಕಡೆ ಕಾಲಿಡುವ ಅವಕಾಶ. ಇದನ್ನು ಮೂರು ಸ್ಥಳಗಳ ಉದಾಹರಣೆಯಿಂದ ತಿಳಿಯಬಹುದು.

ಸ್ಟಾಫಾ ಎಂಬ ಪುಟ್ಟ ನಿರ್ಜನ ದ್ವೀಪದಲ್ಲಿ ಫಿಂಗಲ್ ಗವಿ ಎಂಬ ಸಮುದ್ರ ಗುಹೆಯಿದೆ. ಲಾವಾರಸ ತಣಿದು ಬಿರಿದುಂಟಾದ ಕಪ್ಪುಶಿಲೆಯ ಷಟ್ಕೋನ ಕಂಬಗಳು ಅದರ ಗೋಡೆಗಳಾಗಿವೆ. ಉಡುಪಿಯ ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪವನ್ನು ಕಂಡವರಿಗೆ ಈ ಬಗೆಯ ಕಂಬಗಳು ಅಪರಿಚಿತವಲ್ಲ. 1829ರಲ್ಲಿ ಜರ್ಮನ್ ಸಂಗೀತಗಾರ ಮೆಂಡೆಲ್ಸನ್ ಇಲ್ಲಿಗೆ ಬಂದುಹೋದ ಬಳಿಕ ಹೆಬ್ರಿಡೀಸ್ ಹೆಸರಿನ ಸಂಗೀತ ಕೃತಿಯನ್ನು ರಚಿಸಿದನು. ಸಮೀಪದ ಅಯೋನಾ ದ್ವೀಪಕ್ಕೆ ಕ್ರಿ.ಶ. 563ರಲ್ಲಿ ಐರ್ಲೆಂಡಿನಿಂದ ಬಂದ ಸಂತ ಕೊಲಂಬಾ ಮಠವನ್ನು ಸ್ಥಾಪಿಸಿದರು. ಮೇಲೆ ಹೇಳಿದ ಹಡಗಿನ ಮೊದಲ ಹೆಸರು ಆ ಸಂತರದೇ.

ಎರಡನೆಯದು ಸೇಂಟ್ ಕಿಲ್ಡಾ. ನಾರ್ತ್ ಉಯಿಸ್ಟ್ ದ್ವೀಪದಿಂದ ಪಶ್ಚಿಮಕ್ಕೆ ಸುಮಾರು 64 ಕಿಲೋಮೀಟರ್ ದೂರದಲ್ಲಿ, ತೆರೆದ ಅಟ್ಲಾಂಟಿಕ್ ಸಾಗರದ ನಡುವೆ ಇದೆ. ಇಲ್ಲಿನ ಜನರು ಕಡಿದಾದ ಬಂಡೆಗಳಿಂದ ಹಗ್ಗ ಹಿಡಿದಿಳಿದು ಕಡಲಹಕ್ಕಿಗಳನ್ನು ಹಿಡಿದು ಜೀವಿಸುತ್ತಿದ್ದರು. ಭೂಮಾಲೀಕನಿಗೆ ಗೇಣಿಯನ್ನು ಹಣದ ಬದಲು ಹಕ್ಕಿಯ ಗರಿ, ಹಕ್ಕಿಯ ಎಣ್ಣೆ ಮತ್ತು ಕೈನೇಯ್ಗೆಯ ಉಣ್ಣೆ ಬಟ್ಟೆಯ ರೂಪದಲ್ಲಿ ಸಲ್ಲಿಸುತ್ತಿದ್ದರು. ಜನಸಂಖ್ಯೆ ಕುಗ್ಗಿ, ಬದುಕು ಅಸಾಧ್ಯವಾದಾಗ ಉಳಿದಿದ್ದ 36 ಮಂದಿ ತಾವೇ ಸರ್ಕಾರಕ್ಕೆ ಮನವಿ ಸಲ್ಲಿಸಿ 1930ರ ಆಗಸ್ಟ್ 29ರಂದು ದ್ವೀಪವನ್ನು ತೊರೆದರು. 1986ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ತಾಣವೆಂದು ಘೋಷಿಸಿತು. ಸಾಲಾಗಿ ನಿಂತ ಮಾಡಿಲ್ಲದ ಕಲ್ಲುಮನೆಗಳು ಇಂದಿಗೂ ಇವೆ. ಅಲೆ ಶಾಂತವಿದ್ದರೆ ಮಾತ್ರ ದೋಣಿ ದಡ ಸೇರುತ್ತದೆ; ಇಲ್ಲವಾದರೆ ಹಡಗಿನಿಂದಲೇ ನೋಡಿ ಹಿಂದಿರುಗಬೇಕು.

ಮೂರನೆಯದು ನಮ್ಮ ಸಣ್ಣ ಉತ್ಪಾದಕರಿಗೆ ಹೆಚ್ಚು ಹತ್ತಿರವಾದುದು. ಲೂಯಿಸ್ ಮತ್ತು ಹ್ಯಾರಿಸ್ ಪ್ರದೇಶದಲ್ಲಿ ‘ಹ್ಯಾರಿಸ್ ಟ್ವೀಡ್’ ಎಂಬ ಉಣ್ಣೆ ಬಟ್ಟೆ ತಯಾರಾಗುತ್ತದೆ. 1993ರಲ್ಲಿ ಬ್ರಿಟಿಷ್ ಸಂಸತ್ತು ಈ ಬಟ್ಟೆಗಾಗಿಯೇ ಒಂದು ಕಾಯ್ದೆಯನ್ನು ಅಂಗೀಕರಿಸಿತು. ಅದರ ಪ್ರಕಾರ ಶುದ್ಧ ಹೊಸ ಉಣ್ಣೆಗೆ ಬಣ್ಣ ಹಾಕುವುದೂ ನೂಲುವುದೂ ಹೊರ ಹೆಬ್ರಿಡೀಸ್ ದ್ವೀಪಗಳಲ್ಲಿಯೇ ನಡೆಯಬೇಕು; ನೇಯ್ಗೆಯನ್ನು ದ್ವೀಪವಾಸಿಗಳು ತಮ್ಮ ಮನೆಗಳಲ್ಲಿ ಕೈಮಗ್ಗದಿಂದಲೇ ಮಾಡಬೇಕು. ಗಿರಣಿಯವರು ಹಾಸು ಮತ್ತು ನೂಲನ್ನು ನೇಕಾರನ ಮನೆಗೆ ತಲುಪಿಸುತ್ತಾರೆ. ಆತ ಕಾಲಿನಿಂದ ತುಳಿದು ನಡೆಸುವ ಮಗ್ಗದಲ್ಲಿ ನೇಯ್ದು ಕೊಡುತ್ತಾನೆ. ತೊಳೆದು ಹದಗೊಳಿಸಿ, ತಪಾಸಣೆ ಮಾಡಿದ ಮೇಲೆ ಗೋಳದ ಮುದ್ರೆ ಬೀಳುತ್ತದೆ. ಇಳಕಲ್ ಸೀರೆ, ಮೈಸೂರು ರೇಷ್ಮೆ ಮೊದಲಾದವುಗಳಿಗೆ ಭೌಗೋಳಿಕ ಸೂಚಿಕೆ ಪಡೆದಿರುವ ನಮ್ಮವರು, ಒಂದು ಮುದ್ರೆಯ ಬಲದಿಂದ ದೂರದ ದ್ವೀಪದ ಕೈಕಸುಬು ಹೇಗೆ ಉಳಿದಿದೆ ಎಂಬುದನ್ನು ಕಣ್ಣಾರೆ ಕಾಣಬಹುದು.

ಹಿರಿಯರ ಕಾಲಿನ ಶಕ್ತಿಯೇ ನಿರ್ಣಾಯಕ

ಮೇಲಿನ ಸ್ಥಳಗಳ ಪೈಕಿ ಹಲವೆಡೆ ಹಡಗು ಕಟ್ಟೆಗೆ ಬಂದು ನಿಲ್ಲುವುದಿಲ್ಲ. ದೂರದಲ್ಲಿ ಲಂಗರು ಹಾಕಿ, ಪ್ರಯಾಣಿಕರನ್ನು ಸಣ್ಣ ದೋಣಿಯಲ್ಲಿ ದಡಕ್ಕೆ ಕರೆದೊಯ್ಯಲಾಗುತ್ತದೆ. ಅಂದರೆ ಹಡಗಿನ ಪಕ್ಕದ ಏಣಿಯನ್ನಿಳಿದು, ಏರಿಳಿಯುತ್ತಿರುವ ದೋಣಿಗೆ ಸರಿಯಾದ ಕ್ಷಣದಲ್ಲಿ ಹೆಜ್ಜೆಯಿಡಬೇಕು. ನಾವಿಕರು ತೋಳು ಹಿಡಿದು ಸಹಾಯ ಮಾಡುತ್ತಾರೆ. ಆದರೆ ಹೆಜ್ಜೆಯನ್ನು ನಾವೇ ಇಡಬೇಕು. ಸ್ಟಾಫಾದಲ್ಲಿ ಇಳಿದ ಮೇಲೆ ಕಡಿದಾದ ಮೆಟ್ಟಿಲುಗಳೂ ಒದ್ದೆಯಾದ ಕಂಬಗಳ ಮೇಲಿನ ನಡಿಗೆಯೂ ಇವೆ. ಅಯೋನಾದಲ್ಲಿ ದಡದಿಂದ ಮಠದವರೆಗೆ ಸುಗಮವಾದ ರಸ್ತೆಯಿದೆ. ಹೆಬ್ರಿಡಿಯನ್ ಪ್ರಿನ್ಸೆಸ್ ಹಡಗಿನಲ್ಲಿ ಲಿಫ್ಟ್ ಸೌಕರ್ಯವಿಲ್ಲ. ಈ ಗಾತ್ರದ ಇತರ ಹಡಗುಗಳ ಬಗ್ಗೆಯೂ ಇದನ್ನು ಮೊದಲೇ ಕೇಳಬೇಕು. ಊಟದ ಮನೆಗೆ ದಿನಕ್ಕೆ ಮೂರು ಬಾರಿ ಮೆಟ್ಟಿಲು ಹತ್ತಿ ಇಳಿಯುವುದು ಮೊಣಕಾಲು ನೋವಿನವರಿಗೆ ಸಣ್ಣ ವಿಷಯವಲ್ಲ.

ಬಾಗಲಕೋಟೆ ಜಿಲ್ಲೆಯ ನನ್ನ ಕಕ್ಷಿದಾರರೊಬ್ಬರು ತಮ್ಮ 76 ವರ್ಷದ ತಾಯಿಯವರನ್ನು ಇಂತಹ ಏಳು ದಿನಗಳ ಯಾನಕ್ಕೆ ಕರೆದೊಯ್ದಿದ್ದರು. ಗುಳೇದಗುಡ್ಡದ ಖಣ ನೇಯುವ ಮನೆತನದಲ್ಲಿ ಬೆಳೆದ ಆ ತಾಯಿ ಸ್ಟಾಫಾದಲ್ಲಿ ದೋಣಿಯನ್ನು ನೋಡಿ, “ನೀ ಹೋಗಿ ಬಾ, ನಾ ಇಲ್ಲೇ ಕುಂದರ್ತೀನಿ” ಎಂದರಂತೆ. ಅಯೋನಾದಲ್ಲಿ ನಿಧಾನವಾಗಿ ನಡೆದರು. ಹ್ಯಾರಿಸ್‌ನ ನೇಕಾರನ ಮಗ್ಗದ ಮುಂದೆ ಮಾತ್ರ ಮಗ ಕರೆದರೂ ಏಳಲಿಲ್ಲ. ಬಟ್ಟೆಯನ್ನು ಮಗುಚಿ ಹಿಂಬದಿ ನೋಡಿದರು. ದಿನಕ್ಕೆ ಎಷ್ಟು ಗಜ ಇಳಿಯುತ್ತದೆ, ನೂಲು ಯಾರದು, ಮಜೂರಿ ಯಾವಾಗ ಕೊಡುತ್ತಾರೆ ಎಂದು ಮಗನ ಮೂಲಕ ಕೇಳಿದರು. ನೂಲು ಗಿರಣಿಯದು, ನೇಯ್ಗೆ ಮಾತ್ರ ತನ್ನದು ಎಂಬ ಉತ್ತರ ಬಂದಾಗ, “ನಮ್ಮಂಗೇ ಐತಿ” ಎಂದರಂತೆ. ಮೂವತ್ತು ವರ್ಷ ಜೊತೆಯಲ್ಲಿದ್ದರೂ ತಾಯಿಗೆ ನೇಯ್ಗೆಯ ಲೆಕ್ಕ ಇಷ್ಟು ಗೊತ್ತಿದೆಯೆಂದು ತಮಗೆ ತಿಳಿದಿರಲಿಲ್ಲವೆಂದು ಕಕ್ಷಿದಾರರು ಹೇಳಿದರು. ಮರುವರ್ಷ ಆ ತಾಯಿಯವರ ಮೊಣಕಾಲು ಪೂರ್ತಿ ಸೋತು, ಈಗ ಮನೆಯಂಗಳ ದಾಟುವುದೂ ಕಷ್ಟವಾಗಿದೆ.

ಈ ಪ್ರಸಂಗವನ್ನು ಹೇಳಲು ಕಾರಣವಿದೆ. ವ್ಯಾಪಾರದ ನಷ್ಟವನ್ನು ಮುಂದಿನ 8 ವರ್ಷಗಳಿಗೆ ಒಯ್ಯಲು ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶವಿದೆ; ಹಿರಿಯರ ಕಾಲಿನ ಶಕ್ತಿಯನ್ನು ಹಾಗೆ ಒಯ್ಯಲು ಅವಕಾಶವಿಲ್ಲ. ವ್ಯಾಪಾರ ಒಂದು ಹದಕ್ಕೆ ಬರಲಿ ಎಂದು ಪ್ರವಾಸವನ್ನು ಮುಂದೂಡುವವರು ಈ ವ್ಯತ್ಯಾಸವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಅದೇ ರೀತಿ, ದೋಣಿಗೆ ಹೆಜ್ಜೆಯಿಡಲಾಗದ ಸ್ಥಿತಿ ಈಗಾಗಲೇ ಬಂದಿದ್ದರೆ ಈ ದುಬಾರಿ ಯಾನವನ್ನು ಕೈಬಿಡುವುದೇ ವಿವೇಕ. ಮುಂಗಡ ಕಟ್ಟುವ ಮೊದಲು ವೈದ್ಯರನ್ನು ಕಾಣುವುದರ ಜೊತೆಗೆ, ಹಿರಿಯರು ಆಸರೆ ಹಿಡಿದು ಎರಡು ಮಹಡಿ ಹತ್ತಿ ಇಳಿಯಬಲ್ಲರೇ ಎಂದು ಮನೆಯಲ್ಲಿಯೇ ಪರೀಕ್ಷಿಸುವುದು ಒಳ್ಳೆಯದು.

ಇನ್ನು ಕೆಲವು ವ್ಯಾವಹಾರಿಕ ಅಂಶಗಳು. ಜೂನ್ ತಿಂಗಳಲ್ಲಿ ಶೆಟ್ಲೆಂಡಿನಲ್ಲಿ ಹಗಲು ಸುಮಾರು 19 ಗಂಟೆಗಳಷ್ಟಿರುತ್ತದೆ. ದೀಪ ಹಚ್ಚುವ ಹೊತ್ತನ್ನು ನೋಡಿ ಮಲಗುವ ಹಿರಿಯರಿಗೆ ನಿದ್ರೆ ಏರುಪೇರಾಗುತ್ತದೆ. ಬೇಸಿಗೆಯಲ್ಲಿಯೂ ನಮ್ಮ ಚಳಿಗಾಲದ ಮುಂಜಾನೆಯಂತಹ ತಂಪು, ಅದರ ಮೇಲೆ ಗಾಳಿ. ಶಾಕಾಹಾರದ ಬಗ್ಗೆ ಲಿಖಿತವಾಗಿ ಮೊದಲೇ ತಿಳಿಸಬೇಕು. ಒಣ ರೊಟ್ಟಿ, ಚಟ್ನಿಪುಡಿ ಒಯ್ಯಬಹುದು; ಆದರೆ ಹಾಲಿನ ಪದಾರ್ಥಗಳನ್ನು ಭಾರತದಿಂದ ಬ್ರಿಟನ್ನಿಗೆ ಒಯ್ಯಲು ನಿರ್ಬಂಧವಿರುವುದರಿಂದ ಧಾರವಾಡ ಪೇಡೆ, ಬೆಳಗಾವಿ ಕುಂದಾ ಮನೆಯಲ್ಲಿಯೇ ಉಳಿಯಲಿ.

ವಿಮೆ ಮತ್ತು ವೀಸಾ

ಚಿಕ್ಕ ಹಡಗುಗಳಲ್ಲಿ ಹಲವೊಮ್ಮೆ ವೈದ್ಯರಿರುವುದಿಲ್ಲ. ದ್ವೀಪದಿಂದ ಮುಖ್ಯಭೂಮಿಯ ಆಸ್ಪತ್ರೆಗೆ ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾದ ಪ್ರಸಂಗವೂ ಬರಬಹುದು. ಬ್ರಿಟನ್ನಿನಲ್ಲಿ ಆಸ್ಪತ್ರೆಗೆ ದಾಖಲಾದ ವಿದೇಶೀ ಸಂದರ್ಶಕರು ಸಾಮಾನ್ಯವಾಗಿ ಶುಲ್ಕ ತೆರಬೇಕಾಗುತ್ತದೆ. ಆದುದರಿಂದ ಪ್ರವಾಸ ವಿಮೆಯಲ್ಲಿ ಮೂರು ವಿಷಯಗಳು ಸ್ಪಷ್ಟವಾಗಿರಬೇಕು: ಮೊದಲೇ ಇರುವ ರಕ್ತದೊತ್ತಡ, ಮಧುಮೇಹ ಮುಂತಾದ ಕಾಯಿಲೆಗಳಿಗೆ ರಕ್ಷಣೆ; ಹಡಗಿನ ಪ್ರಯಾಣಕ್ಕೆ ರಕ್ಷಣೆ; ತುರ್ತು ಸಾಗಾಣಿಕೆಯ ವೆಚ್ಚ. ಕಾಯಿಲೆಯನ್ನು ಮರೆಮಾಚಿ ಪಡೆದ ಪಾಲಿಸಿ ಬೇಕಾದ ಹೊತ್ತಿನಲ್ಲಿ ಕೈಕೊಡುತ್ತದೆ.

ಸ್ಕಾಟ್ಲೆಂಡ್ ಬ್ರಿಟನ್ನಿನ ಭಾಗವಾದುದರಿಂದ ಬ್ರಿಟಿಷ್ ಸಂದರ್ಶಕ ವೀಸಾ ಅಗತ್ಯ. ತಾಯಿಯವರಿಗೆ ಸ್ವಂತ ಆದಾಯವಿಲ್ಲದಿದ್ದರೆ, ವೆಚ್ಚ ಭರಿಸುವ ಮಗ ಅಥವಾ ಮಗಳ ಆದಾಯ ತೆರಿಗೆ ವಿವರಣೆಗಳು, ಬ್ಯಾಂಕ್ ದಾಖಲೆಗಳು ಮತ್ತು ಪ್ರಾಯೋಜನಾ ಪತ್ರವನ್ನು ಜೊತೆಗಿಡಬೇಕು. ಇನ್ನೂ ಉತ್ತರದ ಸ್ವಾಲ್ಬಾರ್ಡ್ ದ್ವೀಪಗಳನ್ನು ಆರಿಸಿಕೊಳ್ಳುವವರು ಬೇರೊಂದು ಸೂಕ್ಷ್ಮವನ್ನು ತಿಳಿದಿರಬೇಕು. ಅವು ನಾರ್ವೆಗೆ ಸೇರಿದ್ದರೂ ಷೆಂಗೆನ್ ವಲಯದ ಹೊರಗಿವೆ. ನಾರ್ವೆಯ ಮೂಲಕ ಹೋಗಿ ಹಿಂದಿರುಗುವವರಿಗೆ ಎರಡು ಬಾರಿ ಪ್ರವೇಶಿಸಲು ಅವಕಾಶವಿರುವ ಷೆಂಗೆನ್ ವೀಸಾ ಬೇಕಾಗುತ್ತದೆ.

ಕರಾರು ಮತ್ತು ಮುಂಗಡದ ಭದ್ರತೆ

ಹಡಗಿನ ಕರಾರಿನಲ್ಲಿ ಮಾರ್ಗ ಬದಲಾವಣೆಯ ಅಧಿಕಾರ ಕಪ್ತಾನನಿಗೆ ಇರುತ್ತದೆ. ಹವಾಮಾನ ಕೆಟ್ಟು ಸೇಂಟ್ ಕಿಲ್ಡಾ ತಪ್ಪಿದರೆ ಅದಕ್ಕಾಗಿ ಹಣ ಹಿಂದಿರುಗುವುದಿಲ್ಲ. ರದ್ದತಿ ಶುಲ್ಕ ಪ್ರಯಾಣದ ದಿನ ಸಮೀಪಿಸಿದಂತೆ ಏರುತ್ತಾ ಹೋಗಿ, ಕೊನೆಯ ವಾರಗಳಲ್ಲಿ ಪೂರ್ಣ ಮೊತ್ತಕ್ಕೆ ತಲುಪುವುದು ಸಾಮಾನ್ಯ. ವೀಸಾ ಕೈಸೇರುವ ಮೊದಲೇ ಈ ಹಂತ ದಾಟುತ್ತದೆಯೇ ಎಂದು ದಿನಾಂಕಗಳನ್ನು ಹೊಂದಿಸಿ ನೋಡಬೇಕು.

ತಿಂಗಳುಗಳ ಮೊದಲೇ ಪೂರ್ಣ ಹಣ ಕಟ್ಟಿದ ಗ್ರಾಹಕ, ಕಂಪನಿ ದಿವಾಳಿಯಾದರೆ, ಭದ್ರತೆಯಿಲ್ಲದ ಸಾಲಗಾರನ ಸ್ಥಾನದಲ್ಲಿ ನಿಲ್ಲುತ್ತಾನೆ. 2017ರ ಜನವರಿಯಲ್ಲಿ ‘ಸ್ವಾನ್ ಹೆಲೆನಿಕ್’ ಮತ್ತು ‘ವಾಯೇಜಸ್ ಆಫ್ ಡಿಸ್ಕವರಿ’ ಎಂಬ ಹೆಸರುಗಳಲ್ಲಿ ಚಿಕ್ಕ ಹಡಗುಗಳ ಪ್ರವಾಸ ನಡೆಸುತ್ತಿದ್ದ ಬ್ರಿಟಿಷ್ ಸಂಸ್ಥೆ ಮುಚ್ಚಿತು. ಬ್ರಿಟನ್ನಿನಲ್ಲಿ 2018ರಲ್ಲಿ ಜಾರಿಗೆ ಬಂದ ಪ್ಯಾಕೇಜ್ ಪ್ರವಾಸ ನಿಯಮಗಳು ಇಂತಹ ಹಣಕ್ಕೆ ರಕ್ಷಣೆ ಒದಗಿಸುವ ಹೊಣೆಯನ್ನು ಸಂಘಟಕರ ಮೇಲೆ ಹಾಕಿವೆ. ಭಾರತದಲ್ಲಿ ಏಜೆಂಟರ ಮೂಲಕ ಕೊಳ್ಳುವವರು ತಮ್ಮ ಬುಕ್ಕಿಂಗಿಗೂ ಆ ರಕ್ಷಣೆ ಅನ್ವಯಿಸುತ್ತದೆಯೇ ಎಂದು ಬರವಣಿಗೆಯಲ್ಲಿ ಪಡೆಯಬೇಕು.

ತೆರಿಗೆ ಮತ್ತು ಲೆಕ್ಕಪತ್ರ

1. ಯಾವ ಖಾತೆಯಿಂದ ಹಣ? ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ನಿವಾಸಿ ವ್ಯಕ್ತಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ವಿದೇಶಕ್ಕೆ ಕಳುಹಿಸಬಹುದು. ಈ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ; ಪಾಲುದಾರಿಕೆ ಸಂಸ್ಥೆ, ಕಂಪನಿ ಹಾಗೂ ಹಿಂದೂ ಅವಿಭಕ್ತ ಕುಟುಂಬಗಳಿಗೆ ಇಲ್ಲ. ಆದುದರಿಂದ ಅಂಗಡಿಯ ಚಾಲ್ತಿ ಖಾತೆಯಿಂದ ಈ ಹಣ ಹೋಗಕೂಡದು.

2. ಮೂಲದಲ್ಲಿ ಸಂಗ್ರಹಿಸುವ ತೆರಿಗೆ (ಟಿ.ಸಿ.ಎಸ್.). ವಿದೇಶ ಪ್ರವಾಸ ಪ್ಯಾಕೇಜಿನ ಮೇಲೆ 2020ರ ಅಕ್ಟೋಬರ್ 1ರಿಂದ ಶೇ. 5ರ ಟಿ.ಸಿ.ಎಸ್. ಆರಂಭವಾಯಿತು. 2023ರ ಅಕ್ಟೋಬರ್ 1ರಿಂದ 7 ಲಕ್ಷ ರೂಪಾಯಿವರೆಗೆ ಶೇ. 5, ಮೀರಿದ ಮೊತ್ತಕ್ಕೆ ಶೇ. 20 ಆಯಿತು. 2025ರ ಏಪ್ರಿಲ್ 1ರಿಂದ ಆ ಮಿತಿ 10 ಲಕ್ಷಕ್ಕೇರಿತು. 2026ರ ಕೇಂದ್ರ ಬಜೆಟ್‌ನಲ್ಲಿ ಮೊತ್ತದ ಮಿತಿಯಿಲ್ಲದೆ ಶೇ. 2ಕ್ಕೆ ಇಳಿಸುವುದಾಗಿ ಪ್ರಕಟಿಸಲಾಯಿತು. ಲೆಕ್ಕಕ್ಕಾಗಿ ಇಬ್ಬರ ಪ್ಯಾಕೇಜು 11,50,000 ರೂಪಾಯಿ ಎಂದಿಟ್ಟುಕೊಳ್ಳೋಣ. 2025ರ ದರದಲ್ಲಿ 50,000 ಮತ್ತು 30,000 ಸೇರಿ 80,000 ರೂಪಾಯಿ, ಶೇ. 2ರ ದರದಲ್ಲಿ 23,000 ರೂಪಾಯಿ. ಪದೇ ಪದೇ ಬದಲಾಗುವ ದರವಾದುದರಿಂದ ಹಣ ಕಟ್ಟುವ ದಿನ ಖಚಿತಪಡಿಸಿಕೊಳ್ಳಬೇಕು.

ಟಿ.ಸಿ.ಎಸ್. ಖರ್ಚಲ್ಲ, ಆ ವರ್ಷದ ಆದಾಯ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದಾದ ಮುಂಗಡ. ಆದರೆ ಯಾರ ಪ್ಯಾನ್ ಸಂಖ್ಯೆಯಲ್ಲಿ ಸಂಗ್ರಹವಾಗಿದೆಯೋ ಅವರಿಗೇ ಅದರ ಜಮಾ ದೊರೆಯುತ್ತದೆ. ವೆಚ್ಚ ಭರಿಸಿದವರು ಮಗನಾಗಿದ್ದು, ಬಿಲ್ಲು ತಾಯಿಯ ಹೆಸರಿನಲ್ಲಿದ್ದರೆ, ತೆರಿಗೆ ಆದಾಯವಿಲ್ಲದ ತಾಯಿಯವರೂ ವಿವರಣೆ ಸಲ್ಲಿಸಿ ಮರುಪಾವತಿ ಕೋರಬೇಕಾಗುತ್ತದೆ. ಹಣ ಕೊಡುವವರ ಹೆಸರಿನಲ್ಲಿಯೇ ಬಿಲ್ಲು ಮಾಡಿಸುವುದು ಸುಲಭದ ದಾರಿ.

3. ವ್ಯಾಪಾರ ವೆಚ್ಚವೆಂದು ತೋರಿಸಬಹುದೇ? ಸಾಧ್ಯವಿಲ್ಲ. ಸಂಪೂರ್ಣವಾಗಿ ವ್ಯಾಪಾರಕ್ಕಾಗಿಯೇ ಮಾಡಿದ ವೆಚ್ಚಕ್ಕೆ ಮಾತ್ರ ವಿನಾಯಿತಿ ಎಂಬುದು 1961ರ ಕಾಯ್ದೆಯ 37(1)ನೇ ಕಲಮಿನ ತತ್ವ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಅದೇ ತತ್ವ ಉಳಿದಿದೆ. ನೇಕಾರನ ಮಗ್ಗ ನೋಡಿದ ಮಾತ್ರಕ್ಕೆ ಪ್ರವಾಸ ‘ಮಾರುಕಟ್ಟೆ ಅಧ್ಯಯನ’ವಾಗುವುದಿಲ್ಲ. ವೈಯಕ್ತಿಕ ಬಳಕೆಯ ಸೇವೆಗೆ ಜಿ.ಎಸ್.ಟಿ. ಹೂಡುವಳಿ ತೆರಿಗೆ ಜಮೆಯೂ ದೊರೆಯದು. ಖಾಸಗಿ ನಿಯಮಿತ ಕಂಪನಿ ತನ್ನ ಪ್ರಮುಖ ಷೇರುದಾರರ ಕುಟುಂಬ ಪ್ರವಾಸಕ್ಕೆ ಹಣ ತೆತ್ತರೆ, ಅದು ಆ ಷೇರುದಾರರ ಕೈಯಲ್ಲಿ ಲಾಭಾಂಶವೆಂದು ಪರಿಗಣಿತವಾಗುವ ಅಪಾಯವಿದೆ. ಅದೇ ಪ್ರಯಾಣದಲ್ಲಿ ಗ್ಲಾಸ್ಗೊ ನಗರದ ಖರೀದಿದಾರರನ್ನು ನಿಜವಾಗಿ ಭೇಟಿ ಮಾಡುವುದಿದ್ದರೆ, ಆಹ್ವಾನಪತ್ರ, ಆ ದಿನಗಳ ವಸತಿ ಬಿಲ್ಲು ಇತ್ಯಾದಿಗಳನ್ನು ಪ್ರತ್ಯೇಕವಾಗಿಡಬೇಕು.

ಕಡಿಮೆ ವೆಚ್ಚದ ಪರ್ಯಾಯ

ಇಷ್ಟು ಹಣ ತೊಡಗಿಸಲಾಗದವರು ನಿರಾಶರಾಗಬೇಕಿಲ್ಲ. ಗ್ಲಾಸ್ಗೊದಿಂದ ಓಬನ್ ಬಂದರಿಗೆ ರೈಲಿನಲ್ಲಿ ಸುಮಾರು 3 ಗಂಟೆಯ ದಾರಿ. ಓಬನ್‌ನಿಂದ ಮಲ್ ದ್ವೀಪಕ್ಕೆ ಸಾರ್ವಜನಿಕ ಫೆರ್ರಿ ಒಂದು ಗಂಟೆಯೊಳಗೆ ತಲುಪುತ್ತದೆ. ದ್ವೀಪವನ್ನು ಬಸ್ಸಿನಲ್ಲಿ ದಾಟಿದರೆ ಅಯೋನಾಕ್ಕೆ ಸುಮಾರು ಹತ್ತು ನಿಮಿಷದ ದೋಣಿ. ಬೇಸಿಗೆಯಲ್ಲಿ ಸ್ಟಾಫಾಕ್ಕೂ ದೋಣಿಗಳಿವೆ. ಓಬನ್‌ನಲ್ಲಿ ಕೋಣೆ ಹಿಡಿದು, ಹವಾಮಾನ ನೋಡಿಕೊಂಡು ಹೋಗಿಬರಬಹುದು. ಸೇಂಟ್ ಕಿಲ್ಡಾದಂತಹ ದೂರದ ದ್ವೀಪಗಳು ಈ ದಾರಿಯಲ್ಲಿ ಕಾಣಸಿಗುವುದಿಲ್ಲ. ಆದರೆ ಹಿರಿಯರಿಗೆ ಆಯಾಸವಾದ ದಿನ ವಿಶ್ರಮಿಸುವ ಸ್ವಾತಂತ್ರ್ಯ ಇಲ್ಲಿ ಹೆಚ್ಚು.

ಉಪಸಂಹಾರ

ಚಿಕ್ಕ ಹಡಗಿನ ದುಬಾರಿ ದರಕ್ಕೆ ವ್ಯಾವಹಾರಿಕ ಸಮರ್ಥನೆಯಿದೆ. ದ್ವೀಪದಲ್ಲಿ ಇಳಿಯಬಲ್ಲವರಿಗೆ ಆ ಹಣ ಸಾರ್ಥಕ, ಇಳಿಯಲಾರದವರಿಗೆ ಅದು ತೇಲುವ ಹೋಟೆಲಿನ ಬಾಡಿಗೆ. ಆದುದರಿಂದ ಮೊದಲು ಹಿರಿಯರ ಆರೋಗ್ಯ, ನಂತರ ವಿಮೆ, ಬಳಿಕ ಕರಾರು, ಕೊನೆಯಲ್ಲಿ ದರ ಎಂಬ ಕ್ರಮದಲ್ಲಿ ವಿಚಾರ ಮಾಡುವುದು ಸೂಕ್ತ. ಹಣವನ್ನು ಸ್ವಂತ ಖಾತೆಯಿಂದ, ಸ್ವಂತ ಹೆಸರಿನಲ್ಲಿ, ತೆರಿಗೆ ತೆತ್ತ ಉಳಿತಾಯದಿಂದ ಕೊಡಬೇಕು. ಈ ವರ್ಷ ಹೋಗಬೇಕೆಂದಿರುವ ಸದಸ್ಯರು ಬರುವ ಬೇಸಿಗೆಯ ಕೊಠಡಿಗಳನ್ನು ವಿಚಾರಿಸುವ ಮುನ್ನ, ಇಂದು ಸಂಜೆಯೇ ತಾಯಿ ಅಥವಾ ತಂದೆಯವರನ್ನು ಕೇಳುವುದು ಒಳಿತು: ಅವರಿಗೆ ಹೋಗುವ ಮನಸ್ಸಿದೆಯೇ ಎಂಬ ಪ್ರಶ್ನೆಗೆ ಉತ್ತರಿಸಬಲ್ಲವರು ಅವರೊಬ್ಬರೇ.